ಹೆಂಗಸರ ಕಥೆ ಅಂತ ಟಿಕೆಟ್ ತಗೊಂಡೆ, ಆಡ್ಲರ್ ಕಥೆ ಕೇಳಿ ಬಂದೆ

ನ್ಯೂಯಾರ್ಕಿನಲ್ಲಿ ಎರಡು ಗಂಟೆಯ ಗೈಡೆಡ್ ವಾಕ್ ಒಂದಕ್ಕೆ ಹೋಗಿದ್ದೆ. ಎಥಿಕಲ್ ಕಲ್ಚರ್ ಸೊಸೈಟಿಯ ಹೆಂಗಸರು ಕಟ್ಟಿದ ಗುಂಪುಗಳ ಇತಿಹಾಸ ಹೇಳುತ್ತೇವೆ ಅಂದಿದ್ದರು. ನಡೆಸುವವರ ಹೆಸರು ಬೇಡ ಬಿಡಿ. 5ಕ್ಕೆ 3 ಕೊಡುತ್ತೇನೆ, ಅದೂ ನಡುವೆ ಬಂದ ತಾಯಂದಿರ ಕಥೆಗೋಸ್ಕರ.

ದೇವರನ್ನು ನಂಬಿ, ಬಿಡಿ, ನಡತೆ ನೆಟ್ಟಗಿದ್ದರೆ ಸಾಕು ಅನ್ನುವವರ ಸಂಘ ಈ ಸೊಸೈಟಿ. ಫೆಲಿಕ್ಸ್ ಆಡ್ಲರ್ 1876ರಲ್ಲಿ ಶುರು ಮಾಡಿದ್ದು. ಮಾರನೇ ವರ್ಷವೇ ಬಡವರ ಮನೆಗೆ ಹೋಗಿ ಆರೈಕೆ ಮಾಡುವ ನರ್ಸ್‌ಗಳನ್ನು ಕಳಿಸಿದರು, 1878ರಲ್ಲಿ ಫ್ರೀ ಶಿಶುವಿಹಾರ ತೆರೆದರು. ಗೈಡ್ ಇದನ್ನೆಲ್ಲ ಚೆನ್ನಾಗಿಯೇ ಹೇಳಿದರು, ಆದರೆ ಬಾಯಿ ತೆಗೆದರೆ ಆಡ್ಲರ್ ಮಾಡಿದರು, ಆಡ್ಲರ್ ತೆರೆದರು. ಅಲ್ಲಾ, ಆ ಬಡವರ ಮನೆಗಳ ಮೆಟ್ಟಿಲು ಹತ್ತಿ ರೋಗಿಗಳ ಪಕ್ಕ ಕೂತಿದ್ದು ಆಡ್ಲರಾ? ಕೇಳಿಯೇಬಿಟ್ಟೆ. ನಕ್ಕು ಮುಂದಕ್ಕೆ ನಡೆದರು.

1888ಕ್ಕೆ ಬಂದ ಮೇಲೆ ಮಾತಿಗೆ ಜೀವ ಬಂತು. ಆಡ್ಲರ್ ಕೊಟ್ಟ ಹುರುಪಿನಿಂದ ಕೆಲವು ತಾಯಂದಿರು ಸೇರಿ, ಮಕ್ಕಳ ಸ್ವಭಾವ ಅಂದರೆ ಏನು ಅಂತ ಅಭ್ಯಾಸ ಮಾಡುವುದಕ್ಕೇ ಒಂದು ಗುಂಪು ಕಟ್ಟಿಕೊಂಡರಂತೆ. ಮಕ್ಕಳು ಹಟ ಮಾಡಿದರೆ ಎರಡು ಬಾರಿಸು ಅನ್ನುವುದೇ ಮಾಮೂಲಾಗಿದ್ದ ಕಾಲ ಅದು, ಅಲ್ವಾ? ಬೆರಳೆಣಿಕೆಯ ತಾಯಂದಿರ ಆ ಗುಂಪು ಬೆಳೆದು 1908ರಲ್ಲಿ ಫೆಡರೇಷನ್ ಆಯಿತು, 1924ರಲ್ಲಿ ಚೈಲ್ಡ್ ಸ್ಟಡಿ ಅಸೋಸಿಯೇಷನ್ ಆಫ್ ಅಮೆರಿಕ ಅಂತ ಹೆಸರಿಟ್ಟುಕೊಂಡಿತು. ನಾನು ದುಡ್ಡು ಕೊಟ್ಟಿದ್ದು ಇಂಥ ಕಥೆಗೇ. ಇದನ್ನು ಮೊದಲೇ ಹೇಳಿದ್ದರೆ ಏನಾಗುತ್ತಿತ್ತು?

ಆಮೇಲೆ ಮತ್ತೆ ಎಡವಟ್ಟು. 64ನೇ ಸ್ಟ್ರೀಟಿನಲ್ಲಿರುವ, 1910ರ ಸೊಸೈಟಿ ಕಟ್ಟಡದ ಎದುರು ನಿಂತು ಆರ್ಕಿಟೆಕ್ಟ್ ರಾಬರ್ಟ್ ಕೋನ್ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಅನ್ನಾ ಗಾರ್ಲಿನ್ ಸ್ಪೆನ್ಸರ್ ಹೆಸರು ಒಂದು ಸಲವೂ ಬರಲಿಲ್ಲ! ರೋಡ್ ಐಲೆಂಡಿನಲ್ಲಿ 1891ರಷ್ಟು ಹಿಂದೆಯೇ ಪಾದ್ರಿ ದೀಕ್ಷೆ ಪಡೆದ ಹೆಂಗಸು ಅವರು, 1904ರಲ್ಲಿ ಇದೇ ಸೊಸೈಟಿಯಲ್ಲಿ ಆಡ್ಲರ್ ಜೊತೆ ಅಸೋಸಿಯೇಟ್ ಲೀಡರ್ ಆದರು. ಹೆಂಗಸರ ಇತಿಹಾಸ ಅಂತ ಬೋರ್ಡು ಹಾಕಿಕೊಂಡು ಅವರನ್ನೇ ಬಿಟ್ಟರೆ ಹೇಗೆ? ಗೈಡ್ ಕೆಟ್ಟವರೇನಲ್ಲ, ಪಾಪ, ಯಾರೋ ಬರೆದುಕೊಟ್ಟಿದ್ದನ್ನು ಒಪ್ಪಿಸುತ್ತಿದ್ದರು ಅನಿಸಿತು.

ಕಟ್ಟಡದ ಒಳಗೆ ಕರೆದುಕೊಂಡು ಹೋಗುವುದಿಲ್ಲ, ಅದು ಮೊದಲೇ ಗೊತ್ತಿರಲಿ. ಮೈಕೂ ಇಲ್ಲ. ಹೋಗುವುದಾದರೆ ಗೈಡ್ ಪಕ್ಕಕ್ಕೇ ಅಂಟಿಕೊಂಡು ನಡೆಯಿರಿ, ಇಲ್ಲದಿದ್ದರೆ ಸೆಂಟ್ರಲ್ ಪಾರ್ಕ್ ವೆಸ್ಟ್ ಟ್ರಾಫಿಕ್ ಸದ್ದಿನಲ್ಲಿ ಆ ತಾಯಂದಿರ ಕಥೆಯೂ ಕೇಳಿಸುವುದಿಲ್ಲ.