14410ಕ್ಕೆ ಫೋನ್ ಮಾಡಿದ್ದು, ಆಶಾ ಅಕ್ಕ ಬಂದಿದ್ದು
2021ರ ಮೇ ತಿಂಗಳಲ್ಲಿ ಅಪ್ಪನಿಗೆ ಕೊರೊನಾ ಬಂದಾಗ ಸರ್ಕಾರದ ಆಪ್ತಮಿತ್ರ ಸಹಾಯವಾಣಿ 14410ಕ್ಕೆ ಫೋನ್ ಮಾಡಿದ್ದೆ, ಸುಮ್ನೆ ನೋಡೋಣ ಅಂತ. ಆ ಕಡೆಯವರು ಗಾಬರಿಪಡಿಸಲಿಲ್ಲ. ಜ್ವರ ಎಷ್ಟು ದಿನದಿಂದ, ಸಕ್ಕರೆ ಕಾಯಿಲೆ ಇದೆಯಾ ಅಂತ ಕನ್ನಡದಲ್ಲೇ ಕೇಳಿ, ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ ಎಂದರು. ಆರು ನಿಮಿಷ ನಡೆಸಿ ಮತ್ತೆ ನೋಡಿ ಅಂದಿದ್ದೇ ಜಾಸ್ತಿ ಉಪಯೋಗಕ್ಕೆ ಬಂತು. ಕೂತಾಗ 96, ನಡೆದ ಮೇಲೆ 92! ಹಾಸಿಗೆ ಹುಡುಕಿದ್ದು ಬೇರೆಯೇ ಕತೆ, ಇನ್ನೊಂದು ನಂಬರಿನವರು ನಾಲ್ಕು ಗಂಟೆ ಕಾಯಿಸಿದರು. ಕೊನೆಗೆ ನಮ್ಮೂರಿನ ಆಶಾ ಅಕ್ಕನೇ (ಆಶಾ ಆರೋಗ್ಯ ಕಾರ್ಯಕರ್ತೆ) ಗುಲಾಬಿ ಸೀರೆಯಲ್ಲಿ ಬಾಗಿಲ ಹೊರಗೆ ನಿಂತು ತಾಲ್ಲೂಕು ಆಸ್ಪತ್ರೆಗೆ ಫೋನ್ ಮಾಡಿ ಜಾಗ ಕೊಡಿಸಿದರು. ಅವರಿಗೆ ಸಿಗುವುದು ಸಂಬಳವೂ ಅಲ್ಲ, ಗೌರವಧನ ಅಂತೆ.