ಬೇಡದ ಸಂಪರ್ಕಗಳನ್ನು ಒಟ್ಟಿಗೆ ಅಳಿಸಲು ಹೋಗಿ ನಾನು ಕಳೆದುಕೊಂಡದ್ದು

ಉದ್ಯೋಗ ಸಂಬಂಧಿ ಜಾಲತಾಣವಾದ ಲಿಂಕ್ಡ್‌ಇನ್‌ನಲ್ಲಿ ಬೇಡದ ಸಂಪರ್ಕಗಳನ್ನು ತೆಗೆದುಹಾಕಬೇಕೆಂದಿರುವವರು ದಯವಿಟ್ಟು ಇದನ್ನು ಓದಿದ ಮೇಲೆ ಆ ಕೆಲಸಕ್ಕೆ ಕೈಹಾಕಿ. ನಾನು ಒಂದೇ ರಾತ್ರಿಯಲ್ಲಿ ನಾಲ್ಕು ನೂರಕ್ಕೂ ಹೆಚ್ಚು ಹೆಸರುಗಳನ್ನು ಅಳಿಸಿದೆ. ಅವರಲ್ಲಿ ಬಹುಪಾಲು ಮಂದಿ ನಾನು ಅಳಿಸಬೇಕೆಂದುಕೊಂಡವರೇ ಅಲ್ಲ. ಅವರೊಂದಿಗೆ ಹೋದ ಒಂದು ಬರಹವಂತೂ ಇನ್ನೆಂದೂ ಮರಳಿ ಸಿಗುವಂಥದ್ದಲ್ಲ.

ಹತ್ತು ವರ್ಷಗಳಿಂದ ನನಗೆ ಬಂದ ಆಹ್ವಾನಗಳನ್ನು ಹೆಚ್ಚು ನೋಡದೆಯೇ ಒಪ್ಪಿಕೊಳ್ಳುತ್ತ ಬಂದಿದ್ದೆ. ಈ ತಾಣದಲ್ಲಿ ಒಬ್ಬರಿಗೆ 30,000 ನೇರ ಸಂಪರ್ಕಗಳವರೆಗೆ ಅವಕಾಶವಿರುವುದರಿಂದ, ಎರಡು ಸಾವಿರ ದಾಟಿದ ನನ್ನ ಪಟ್ಟಿ ಅತಿಯಾಯಿತೆಂದು ಅನಿಸಿರಲೂ ಇಲ್ಲ. ಹೀಗಿರುವಾಗ ಹಿಂದೆ ನನ್ನ ಕೈಕೆಳಗೆ ಕೆಲಸ ಮಾಡಿದ್ದ ಸಹೋದ್ಯೋಗಿಯೊಬ್ಬರು ಒಂದು ಸಂಜೆ ಫೋನ್ ಮಾಡಿದರು. ನೇಮಕಾತಿ ಅಧಿಕಾರಿಯೆಂದು ಹೇಳಿಕೊಂಡ ವ್ಯಕ್ತಿಯೊಬ್ಬ ನನ್ನ ಹೆಸರು ಹೇಳಿ ಅವರಿಗೆ ಕೆಲಸದ ಆಸೆ ತೋರಿಸಿದ್ದ, ನೋಂದಣಿ ಶುಲ್ಕವೆಂದು ಹಣ ಕಟ್ಟಿಸಿಕೊಂಡಿದ್ದ, ಆಮೇಲೆ ಉತ್ತರಿಸುವುದನ್ನೇ ನಿಲ್ಲಿಸಿದ್ದ. "ನಿಮ್ಮ ಪಟ್ಟಿಯಲ್ಲಿದ್ದಾರಲ್ಲ, ನಿಮಗೆ ಗೊತ್ತಿರುವವರೇ ಇರಬೇಕು ಅಂದುಕೊಂಡೆ ಸರ್" ಎಂದು ಅವರು ಹೇಳಿದಾಗ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಆ ವ್ಯಕ್ತಿ ಯಾರೆಂದು ನನಗೆ ಗೊತ್ತೇ ಇರಲಿಲ್ಲ. ಎಂದೋ ಅವನ ಆಹ್ವಾನವನ್ನು ಒಪ್ಪಿಕೊಂಡಿದ್ದೆ, ಅಷ್ಟೇ.

ಅವನಿಗೆ ಅವರ ಹೆಸರು ಸಿಕ್ಕಿದ್ದು ನನ್ನ ಪಟ್ಟಿಯಿಂದಲೇ. ನಮ್ಮ ನೇರ ಸಂಪರ್ಕದಲ್ಲಿರುವವರು ನಮ್ಮ ಉಳಿದ ಸಂಪರ್ಕಗಳ ಹೆಸರುಗಳನ್ನು ನೋಡಬಹುದೇ ಎಂಬುದನ್ನು ನಿರ್ಧರಿಸುವ ಆಯ್ಕೆಯೊಂದು ಸೆಟ್ಟಿಂಗ್ಸ್‌ನ ಗೋಪ್ಯತೆಯ ವಿಭಾಗದಲ್ಲಿದೆ. ನನ್ನ ಖಾತೆಯಲ್ಲಿ ಅದು ಮೊದಲಿನಿಂದಲೂ ತೆರೆದೇ ಇತ್ತು. ಅದನ್ನು ಮುಚ್ಚಿದರೆ ಇಬ್ಬರಿಗೂ ಸಮಾನವಾಗಿರುವ ಸಂಪರ್ಕಗಳ ಹೊರತು ಬೇರೆಯವರ ಹೆಸರು ಕಾಣುವುದಿಲ್ಲ. ಅಂದು ನಾನು ಮೊದಲು ಮಾಡಬೇಕಿದ್ದ ಕೆಲಸ ಅದೊಂದೇ, ಅರ್ಧ ನಿಮಿಷದ್ದು. ಆದರೆ ಸಿಟ್ಟು ಮತ್ತು ನಾಚಿಕೆಯಿಂದ, ಪರಿಚಯವಿಲ್ಲದ ಎಲ್ಲರನ್ನೂ ಅದೇ ರಾತ್ರಿ ತೆಗೆದುಹಾಕಿಬಿಡುತ್ತೇನೆಂದು ಕುಳಿತೆ.

ಸಂಪರ್ಕ ಕಡಿಯಲು ತಾಣ ಕೊಟ್ಟಿರುವ ದಾರಿ ನೇರವಾದದ್ದೇ: ಸಂಪರ್ಕಗಳ ಪಟ್ಟಿಯಲ್ಲಿ ಹೆಸರಿನ ಪಕ್ಕದ ಮೂರು ಚುಕ್ಕೆಗಳನ್ನು ಒತ್ತಿ, ತೆಗೆದುಹಾಕುವ ಆಯ್ಕೆಯನ್ನು ಆರಿಸಿ, ಮತ್ತೊಮ್ಮೆ ಖಚಿತಪಡಿಸಬೇಕು. ಆ ಕಡೆಯವರಿಗೆ ಯಾವ ಸೂಚನೆಯೂ ಹೋಗುವುದಿಲ್ಲ. ಆದರೆ ಇದನ್ನು ಒಬ್ಬೊಬ್ಬರಿಗೇ ಮಾಡಬೇಕು. ಇಪ್ಪತ್ತು ಹೆಸರುಗಳಾಗುವಷ್ಟರಲ್ಲಿ ನನ್ನ ತಾಳ್ಮೆ ಮುಗಿಯಿತು. ಹುಡುಕಿದಾಗ, ನೂರಾರು ಸಂಪರ್ಕಗಳನ್ನು ಒಂದೇ ಬಾರಿಗೆ ತೆಗೆದುಹಾಕುತ್ತೇನೆಂದು ಹೇಳಿಕೊಳ್ಳುವ ಒಂದು ಬ್ರೌಸರ್ ಎಕ್ಸ್‌ಟೆನ್ಷನ್, ಅಂದರೆ ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ, ಸಿಕ್ಕಿತು. ತಾಣದ ಪುಟಗಳಲ್ಲಿರುವ ಎಲ್ಲ ಮಾಹಿತಿಯನ್ನು ಓದಲು ಮತ್ತು ಬದಲಾಯಿಸಲು ಅದು ಅನುಮತಿ ಕೇಳಿತು. ಒಬ್ಬ ಅಪರಿಚಿತನಿಗೆ ಪಟ್ಟಿ ತೋರಿಸಿದ್ದಕ್ಕಾಗಿ ಕೊರಗುತ್ತಿದ್ದ ನಾನು, ಇನ್ನೊಬ್ಬ ಅಪರಿಚಿತನಿಗೆ ಪಟ್ಟಿಯನ್ನೂ ಸಂದೇಶಗಳನ್ನೂ ಒಪ್ಪಿಸುತ್ತಿದ್ದೇನೆಂಬುದು ಆ ಗಳಿಗೆಯಲ್ಲಿ ನನಗೆ ಹೊಳೆಯಲಿಲ್ಲ. ಅನುಮತಿ ಕೊಟ್ಟೆ.

ಎಷ್ಟು ಮಂದಿಯನ್ನು ತೆಗೆಯಬೇಕೆಂದು ಅದು ಕೇಳಿತು. ಐದು ನೂರು ಎಂದು ಬರೆದೆ. ಪಟ್ಟಿ ಸಾಮಾನ್ಯವಾಗಿ ಇತ್ತೀಚೆಗೆ ಸೇರಿದವರಿಂದ ಆರಂಭವಾಗುತ್ತದೆ, ಕಳೆದ ಎರಡು ವರ್ಷಗಳಲ್ಲಿ ಸೇರಿದವರೆಲ್ಲ ಹೆಚ್ಚುಕಡಿಮೆ ಅಪರಿಚಿತರೇ, ಹಾಗಾಗಿ ಮೊದಲ ಐದು ನೂರು ಹೆಸರುಗಳು ಹೋದರೆ ಚಿಂತೆಯಿಲ್ಲ ಎಂಬುದು ನನ್ನ ಲೆಕ್ಕ. ಆದರೆ ಸ್ವಲ್ಪ ಹೊತ್ತಿಗೆ ಮುಂಚೆ ಆ ವಂಚಕನನ್ನು ಹುಡುಕುವಾಗ ಪಟ್ಟಿಯನ್ನು ನಾನೇ ಹೆಸರಿನ ಅಕ್ಷರಾನುಕ್ರಮಕ್ಕೆ ಬದಲಾಯಿಸಿದ್ದೆ. ಅದನ್ನು ಮರೆತು ಗುಂಡಿ ಒತ್ತಿ ಮಲಗಲು ಹೋದೆ. ಖಚಿತಪಡಿಸಿಕೊಳ್ಳಲು ತಾಣ ಕೇಳುವ ಪ್ರಶ್ನೆಗೂ ಎಕ್ಸ್‌ಟೆನ್ಷನ್ನೇ ಪ್ರತಿ ಬಾರಿ ಹೌದೆಂದು ಉತ್ತರಿಸುತ್ತ, ಇಂಗ್ಲಿಷಿನ ಮೊದಲ ಅಕ್ಷರದಿಂದ ಆರಂಭಿಸಿ ಒಬ್ಬೊಬ್ಬರನ್ನೇ ಅಳಿಸುತ್ತ ಹೋಗಿತ್ತು.

ಬೆಳಿಗ್ಗೆ ನೋಡಿದಾಗ ಖಾತೆಗೆ ತಾತ್ಕಾಲಿಕ ನಿರ್ಬಂಧ ಬಿದ್ದಿತ್ತು. ಇದು ತಾಣದ ತಪ್ಪಲ್ಲ. ಮಾಹಿತಿಯನ್ನು ಬಾಚಿಕೊಳ್ಳುವ ಅಥವಾ ಬಳಕೆದಾರರ ಪರವಾಗಿ ತಾನೇ ಕ್ಲಿಕ್ ಮಾಡುವ ಎಕ್ಸ್‌ಟೆನ್ಷನ್‌ಗಳನ್ನು ಲಿಂಕ್ಡ್‌ಇನ್ ತನ್ನ ಬಳಕೆದಾರರ ಒಪ್ಪಂದದಲ್ಲಿ ಸ್ಪಷ್ಟವಾಗಿಯೇ ನಿಷೇಧಿಸಿದೆ, ಮತ್ತು ಆ ಒಪ್ಪಂದಕ್ಕೆ ನಾನೂ ಒಪ್ಪಿಗೆ ಕೊಟ್ಟವನೇ. ಗುರುತಿನ ದಾಖಲೆ ಕಳುಹಿಸಿ, ಕಾದು, ಖಾತೆಯನ್ನು ಮರಳಿ ಪಡೆದೆ. ನಿಜವಾದ ನಷ್ಟ ಗೊತ್ತಾದದ್ದು ಆಮೇಲೆ.

ನನ್ನ ಪ್ರೊಫೈಲ್‌ನಲ್ಲಿ ನನ್ನ ಕೆಲಸದ ಬಗ್ಗೆ ಸಂಪರ್ಕದಲ್ಲಿದ್ದವರು ಬರೆದುಕೊಟ್ಟ ಐದು ಶಿಫಾರಸು ಬರಹಗಳಿದ್ದವು. ಈಗ ಎರಡೇ ಉಳಿದಿದ್ದವು. ಸಂಪರ್ಕವನ್ನು ತೆಗೆದುಹಾಕಿದರೆ ಆ ಇಬ್ಬರ ನಡುವಿನ ಶಿಫಾರಸುಗಳೂ ಕೌಶಲಗಳಿಗೆ ನೀಡಿದ ಅನುಮೋದನೆಗಳೂ ಅದರೊಂದಿಗೇ ಹೋಗುತ್ತವೆ, ಮುಂದೆ ಮತ್ತೆ ಸಂಪರ್ಕವಾದರೂ ಅವು ತಾವಾಗಿ ಮರಳುವುದಿಲ್ಲ ಎಂಬ ನಿಯಮವನ್ನು ನಾನು ಅಂದು ಮೊದಲ ಬಾರಿಗೆ ಓದಿದೆ. ಹೋದ ಮೂರರಲ್ಲಿ ಎರಡನ್ನು ಬರೆದವರು ನನ್ನ ಕ್ಷಮೆಯಾಚನೆಯನ್ನು ದೊಡ್ಡ ಮನಸ್ಸಿನಿಂದ ಸ್ವೀಕರಿಸಿ ಮತ್ತೆ ಬರೆದುಕೊಟ್ಟರು. ಮೂರನೆಯದನ್ನು ಬರೆದವರು ನನಗೆ ಕೆಲಸ ಕಲಿಸಿದ ಮೊದಲ ಮೇಲಧಿಕಾರಿ. ಅವರು ತೀರಿಹೋಗಿ ಮೂರು ವರ್ಷಗಳಾಗಿವೆ. ಹಳೆಯ ಸ್ವವಿವರವೊಂದರಲ್ಲಿ ಅವರ ಮಾತುಗಳಿಂದ ಎರಡು ಸಾಲುಗಳನ್ನು ಎತ್ತಿ ಬಳಸಿಕೊಂಡಿದ್ದೆ: "ತಪ್ಪಾದರೆ ಮೊದಲು ತಾನೇ ಬಂದು ಹೇಳುತ್ತಾನೆ. ಅವನ ಮೇಲೆ ಕೆಲಸ ಬಿಟ್ಟು ನಾನು ನಿಶ್ಚಿಂತೆಯಿಂದ ಇದ್ದೇನೆ." ಆ ಬರಹದಲ್ಲಿ ಈಗ ನನ್ನ ಬಳಿ ಇರುವುದು ಇಷ್ಟೇ. ಉಳಿದ ಏಳೆಂಟು ಸಾಲುಗಳಲ್ಲಿ ಏನಿತ್ತೆಂದು ಎಷ್ಟು ನೆನಪಿಸಿಕೊಂಡರೂ ಸರಿಯಾಗಿ ನೆನಪಾಗುತ್ತಿಲ್ಲ.

ಅಳಿಸಿಹೋದವರು ಯಾರು ಯಾರೆಂದು ತಿಳಿಯುವುದೂ ಸುಲಭವಾಗಲಿಲ್ಲ. ನಮ್ಮ ಮಾಹಿತಿಯ ಪ್ರತಿಯನ್ನು ಸೆಟ್ಟಿಂಗ್ಸ್‌ನಿಂದ ಇಳಿಸಿಕೊಳ್ಳುವ ಸೌಲಭ್ಯವಿದೆ. ಅದರಲ್ಲಿ ಪ್ರತಿ ಸಂಪರ್ಕದ ಹೆಸರು, ಸಂಸ್ಥೆ, ಹುದ್ದೆ ಮತ್ತು ಸಂಪರ್ಕವಾದ ದಿನಾಂಕ ಸಿಗುತ್ತವೆ. ಆದರೆ ಪ್ರತಿ ಕೇಳಿದ ದಿನ ಪಟ್ಟಿಯಲ್ಲಿದ್ದವರ ವಿವರ ಮಾತ್ರ ಅದರಲ್ಲಿರುತ್ತದೆ. ಮುಂಚೆಯೇ ಇಳಿಸಿಕೊಂಡಿದ್ದರೆ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಹತ್ತು ನಿಮಿಷದಲ್ಲಿ ತಿಳಿಯಬಹುದಿತ್ತು. ನಾನು ಹಳೆಯ ಸಂದೇಶಗಳನ್ನು ಒಂದೊಂದಾಗಿ ತೆರೆದು ಹೆಸರು ಹುಡುಕಬೇಕಾಯಿತು. ಸಿಕ್ಕವರಿಗೆಲ್ಲ ಒಮ್ಮೆಗೇ ಆಹ್ವಾನ ಕಳುಹಿಸುವ ಹಾಗೂ ಇರಲಿಲ್ಲ, ಏಕೆಂದರೆ ವಾರಕ್ಕೆ ಇಂತಿಷ್ಟೇ ಆಹ್ವಾನಗಳೆಂಬ ಮಿತಿಯಿದೆ. ತಪ್ಪಿ ಕಳುಹಿಸಿದ ಆಹ್ವಾನವನ್ನು ಹಿಂಪಡೆದರಂತೂ ಅದೇ ವ್ಯಕ್ತಿಗೆ ಮತ್ತೆ ಕಳುಹಿಸಲು ಮೂರು ವಾರಗಳವರೆಗೆ ಕಾಯಬೇಕಾಗುತ್ತದೆ.

ಇನ್ನು, ತೆಗೆದುಹಾಕುವುದು ಎಲ್ಲದಕ್ಕೂ ಮದ್ದಲ್ಲ. ಯಾರದೋ ಬರಹಗಳು ಕಿರಿಕಿರಿಯೆನಿಸಿದರೆ ಅವರನ್ನು ಅನ್‌ಫಾಲೋ ಮಾಡಿದರೆ, ಅಂದರೆ ಅವರ ಬರಹಗಳು ನಮಗೆ ಬರದಂತೆ ಮಾಡಿದರೆ ಸಾಕು, ಸಂಪರ್ಕವೂ ಶಿಫಾರಸುಗಳೂ ಹಾಗೆಯೇ ಉಳಿಯುತ್ತವೆ. ವಂಚಕನ ವಿಷಯ ಬೇರೆ. ಅವನನ್ನು ಬರೀ ತೆಗೆದುಹಾಕಿದರೆ ಅವನ ಪ್ರೊಫೈಲ್ ಹಾಗೆಯೇ ಉಳಿದು ಇನ್ನೊಬ್ಬರನ್ನು ಹುಡುಕಿಕೊಳ್ಳುತ್ತದೆ. ಆದ್ದರಿಂದ ಮೊದಲು ಅವನ ಪ್ರೊಫೈಲ್‌ ಮತ್ತು ಸಂದೇಶಗಳ ಸ್ಕ್ರೀನ್‌ಶಾಟ್ ತೆಗೆದುಕೊಂಡು, ತಾಣಕ್ಕೆ ದೂರು ಕೊಟ್ಟು, ಆನಂತರ ಬ್ಲಾಕ್ ಮಾಡಬೇಕು. ಬ್ಲಾಕ್ ಮಾಡಿದ ಮೇಲೆ ಒಬ್ಬರ ಪ್ರೊಫೈಲ್ ಇನ್ನೊಬ್ಬರಿಗೆ ಕಾಣುವುದಿಲ್ಲವಾದ್ದರಿಂದ ಸಾಕ್ಷ್ಯ ಸಂಗ್ರಹಿಸುವುದು ಕಷ್ಟ. ಮತ್ತೆ ನೋಡಲೆಂದು ಬ್ಲಾಕ್ ತೆಗೆದರೆ, ಅದೇ ವ್ಯಕ್ತಿಯನ್ನು ಪುನಃ ಬ್ಲಾಕ್ ಮಾಡಲು 48 ಗಂಟೆ ಕಾಯಬೇಕು. ಆ ಎರಡು ದಿನ ಅವನಿಗೆ ಬಾಗಿಲು ತೆರೆದೇ ಇರುತ್ತದೆ.

ಫೋನಿನ ವಿಳಾಸ ಪುಸ್ತಕವನ್ನು ತಾಣಕ್ಕೆ ಜೋಡಿಸಿದ್ದೀರಾ ಎಂಬುದನ್ನೂ ನೋಡಿಕೊಳ್ಳಿ. ಹಾಗೆ ಸೇರಿದ ಹೆಸರು, ಸಂಖ್ಯೆ, ಇಮೇಲ್‌ಗಳು ನಿಮ್ಮ ಸಂಪರ್ಕಗಳ ಪಟ್ಟಿಯಲ್ಲಿ ಕಾಣುವುದಿಲ್ಲ, ಬೇರೆಯೇ ಪುಟದಲ್ಲಿರುತ್ತವೆ. ಅಲ್ಲಿ ಜೋಡಣೆಯನ್ನು ನಿಲ್ಲಿಸಿ, ಸೇರಿರುವುದನ್ನು ಅಳಿಸಬೇಕು. ಇಮೇಲ್ ವಿಳಾಸ ಪುಸ್ತಕದಿಂದ ತೆಗೆದುಕೊಂಡ ವಿಳಾಸಗಳಿಗೆ ಮತ್ತೆ ಮತ್ತೆ ಆಹ್ವಾನದ ನೆನಪೋಲೆಗಳನ್ನು ಕಳುಹಿಸಿದ ವಿಷಯದಲ್ಲಿ ಅಮೆರಿಕದಲ್ಲಿ 2013ರಲ್ಲಿ ಈ ತಾಣದ ಮೇಲೆ ಮೊಕದ್ದಮೆ ಹೂಡಲಾಗಿತ್ತು, 2015ರಲ್ಲಿ ಅದು 1.3 ಕೋಟಿ ಡಾಲರ್‌ಗಳ ರಾಜಿಯಲ್ಲಿ ಮುಗಿಯಿತು. ನಮ್ಮ ಹೆಸರಿನಲ್ಲಿ ನಮ್ಮ ಪರಿಚಯದವರಿಗೆ ಏನು ಹೋಗುತ್ತದೆಂಬುದು ಸಣ್ಣ ವಿಷಯವಲ್ಲ.

ನನ್ನಂತೆಯೇ ಅಂಥ ಎಕ್ಸ್‌ಟೆನ್ಷನ್ ಹಾಕಿಕೊಂಡವರಿದ್ದರೆ ಅದನ್ನು ತೆಗೆದುಹಾಕಿ ಸುಮ್ಮನಾಗಬೇಡಿ. ಪಾಸ್‌ವರ್ಡ್ ಬದಲಾಯಿಸಿ, ಎರಡು ಹಂತದ ದೃಢೀಕರಣವನ್ನು ಚಾಲೂ ಮಾಡಿ, ಖಾತೆ ಎಲ್ಲೆಲ್ಲಿ ತೆರೆದಿದೆ ಎಂದು ತೋರಿಸುವ ಪುಟಕ್ಕೆ ಹೋಗಿ ಎಲ್ಲ ಕಡೆಯಿಂದಲೂ ಸೈನ್ ಔಟ್ ಆಗಿ. ನನ್ನ ಪಟ್ಟಿಯಲ್ಲಿದ್ದ ಸಾವಿರಾರು ಜನರ ಹುದ್ದೆ, ಸಂಸ್ಥೆಗಳ ವಿವರವನ್ನು ಅದು ಆ ರಾತ್ರಿ ಎಲ್ಲಿಗಾದರೂ ಒಯ್ದಿದ್ದರೆ ಅದನ್ನು ತಡೆಯಲು ಈಗ ನನ್ನಿಂದಾಗದು. ಈ ವಿಷಯವನ್ನು ಅವರಲ್ಲಿ ಆಪ್ತರಾದವರಿಗೆ ನಾನೇ ಬರೆದು ತಿಳಿಸಿದ್ದೇನೆ.

ಹಣ ಕಳೆದುಕೊಂಡ ಆ ಸಹೋದ್ಯೋಗಿ ಕಳೆದ ವಾರ ತಮ್ಮ ಪಟ್ಟಿಯನ್ನೂ ಸ್ವಚ್ಛಗೊಳಿಸಬೇಕೆಂದು ನನ್ನ ಬಳಿ ಬಂದಿದ್ದರು. ಇಬ್ಬರೂ ಕುಳಿತು ಮೊದಲು ಅವರ ಪಟ್ಟಿ ಇತರರಿಗೆ ಕಾಣದಂತೆ ಮಾಡಿದೆವು, ಮಾಹಿತಿಯ ಪ್ರತಿಯನ್ನು ಇಳಿಸಿಕೊಂಡೆವು, ಅವರಿಗೆ ಬಂದಿದ್ದ ನಾಲ್ಕು ಶಿಫಾರಸು ಬರಹಗಳನ್ನು ಒಂದಕ್ಷರವೂ ಬಿಡದೆ ಬೇರೆ ಕಡತದಲ್ಲಿ ಉಳಿಸಿದೆವು. ಅದನ್ನು ತೆರೆದು ಓದಿ ನೋಡಿದ ಮೇಲೆಯೇ ಅವರು ಮೊದಲ ಹೆಸರಿನ ಪಕ್ಕದ ಮೂರು ಚುಕ್ಕೆಗಳನ್ನು ಒತ್ತಿದರು.