ಲಿನಕ್ಸ್ ಹಾಕುವ ಮುಂಚೆ ಮಾಡೆಲ್ ಅಲ್ಲ, ಒಳಗಿನ ಚಿಪ್ ನೋಡಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನನ್ನ ತಂಗಿಯ ಲ್ಯಾಪ್‌ಟಾಪ್ ಹಳೆಯದು, ಅದಕ್ಕೆ ವಿಂಡೋಸ್ 11 ಬರುವುದಿಲ್ಲ. ಹೊಸದು ತರುವಷ್ಟು ದುಡ್ಡು ಸದ್ಯಕ್ಕೆ ಮನೆಯಲ್ಲಿ ಇರಲಿಲ್ಲ. ವಿಂಡೋಸ್ ಬದಲಿಗೆ ಉಬುಂಟು (ಉಚಿತವಾಗಿ ಸಿಗುವ ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಂ) ಹಾಕೋಣ ಅಂತ ನಾನೇ ಹೇಳಿದೆ.

ಚಿತ್ರದುರ್ಗದಲ್ಲಿರುವ ಗೆಳೆಯನ ಹತ್ತಿರ ಅದೇ ಕಂಪನಿಯ, ಅದೇ ಮಾಡೆಲ್ ಲ್ಯಾಪ್‌ಟಾಪ್ ಇದೆ. ಅವನು ಉಬುಂಟು ಹಾಕಿ ಒಂದು ವರ್ಷವಾಗಿತ್ತು. ಫೋನ್ ಮಾಡಿದೆ. "ಏನೂ ತೊಂದರೆ ಇಲ್ಲ ಕಣೋ, ಅರ್ಧ ಗಂಟೆ ಕೆಲಸ" ಅಂದ. ನಿಜವನ್ನೇ ಹೇಳಿದ್ದ. ಅವನ ಲ್ಯಾಪ್‌ಟಾಪ್‌ನಲ್ಲಿ ಎಲ್ಲವೂ ಚೆನ್ನಾಗಿಯೇ ನಡೆಯುತ್ತಿತ್ತು.

ಶನಿವಾರ ರಾತ್ರಿ ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಯಲ್ಲಿ ಕೂತೆ. ಉಬುಂಟು ತುಂಬಿದ ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್ ಶುರು ಮಾಡಿದಾಗ ಎರಡು ದಾರಿ ಕೇಳುತ್ತದೆ: ಸುಮ್ನೆ ಚಲಾಯಿಸಿ ನೋಡುವುದು, ಇಲ್ಲವೇ ಇನ್‌ಸ್ಟಾಲ್ ಮಾಡುವುದು. ನೋಡುವುದೇನಿದೆ ಅಂತ ನೇರ ಇನ್‌ಸ್ಟಾಲ್ ಒತ್ತಿದೆ. ವೈಫೈ, ಗ್ರಾಫಿಕ್ಸ್‌ಗೆ ಬೇಕಾದ ಥರ್ಡ್ ಪಾರ್ಟಿ ಸಾಫ್ಟ್‌ವೇರ್ ಹಾಕಲೇ ಅಂತ ಕೇಳುವ ಕಡೆ ಟಿಕ್ ಹಾಕಲಿಲ್ಲ. ಡಿಸ್ಕ್ ಪೂರ್ತಿ ಅಳಿಸು ಅಂದೆ.

ರೀಸ್ಟಾರ್ಟ್ ಆಯಿತು. ವೈಫೈ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ವೈಫೈ ಅಡಾಪ್ಟರ್ ಸಿಗಲಿಲ್ಲ ಅಂತ ಬರುತ್ತಿತ್ತು. ವಾಪಸ್ ಹೋಗೋಣ ಅಂದರೆ ವಿಂಡೋಸ್ ಇಲ್ಲವೇ ಇಲ್ಲ. ಸೋಮವಾರ ತಂಗಿಗೆ ಪ್ರಾಜೆಕ್ಟ್ ರಿವ್ಯೂ ಇತ್ತು. ಫೈಲುಗಳೆಲ್ಲ ಗೂಗಲ್ ಡ್ರೈವ್‌ನಲ್ಲಿದ್ದವು. "ಅಣ್ಣಾ, ಇವತ್ತೇ ಮಾಡಬೇಕಿತ್ತಾ?" ಅಂತ ಕೇಳಿ ಒಳಗೆ ಹೋದಳು. ಆ ಮಾತು ಇನ್ನೂ ಚುಚ್ಚುತ್ತದೆ.

ಭಾನುವಾರ ಒಂದು ರಿಪೇರಿ ಅಂಗಡಿಗೆ ಒಯ್ದೆ. ಒಳಗಿನ ವೈಫೈ ಕಾರ್ಡ್ ಸುಟ್ಟಿದೆ ಅಂದರು. ನಂಬಿ ಯುಎಸ್‌ಬಿ ವೈಫೈ ಡಾಂಗಲ್ ತಂದೆ. ಅದೂ ನಡೆಯಲಿಲ್ಲ. ಅದರ ಜೊತೆ ಇದ್ದದ್ದು ವಿಂಡೋಸ್‌ನ ಡ್ರೈವರ್ (ಚಿಪ್ ನಡೆಸುವ ಸಾಫ್ಟ್‌ವೇರ್) ಮಾತ್ರ. ಒಳಗೆ ಯಾವ ಚಿಪ್ ಇದೆ ಅಂತ ಕೇಳದೆ ಎರಡನೇ ಸಲವೂ ಅದೇ ತಪ್ಪು ಮಾಡಿದ್ದೆ.

ರಾತ್ರಿ ಗೆಳೆಯನೇ ದಾರಿ ತೋರಿಸಿದ. ಮೊಬೈಲನ್ನು ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ, ಮೊಬೈಲ್ ನೆಟ್ ಲ್ಯಾಪ್‌ಟಾಪ್‌ಗೆ ಕೊಡುವ ಯುಎಸ್‌ಬಿ ಟೆದರಿಂಗ್ ಆನ್ ಮಾಡು ಅಂದ. ಮಾಡಿದ ಕೂಡಲೇ ನೆಟ್ ಬಂತು! ಆಮೇಲೆ ಇಬ್ಬರೂ ಅವರವರ ಲ್ಯಾಪ್‌ಟಾಪ್‌ನಲ್ಲಿ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆಗೆದು ಎಲ್‌ಎಸ್‌ಪಿಸಿಐ (lspci) ಕಮಾಂಡ್ ಕೊಟ್ಟೆವು. ಒಳಗಿರುವ ವೈಫೈ ಕಾರ್ಡ್ ಮುಂತಾದ ಚಿಪ್‌ಗಳ ಹೆಸರನ್ನು ಅದು ತೋರಿಸುತ್ತದೆ. ಅವನದರಲ್ಲಿ ಇಂಟೆಲ್ ವೈಫೈ ಕಾರ್ಡ್. ನಮ್ಮದರಲ್ಲಿ ಬ್ರಾಡ್‌ಕಾಮ್ ಬಿಸಿಎಂ43142. ಒಂದೇ ಮಾಡೆಲ್, ಕಾರ್ಡ್ ಬೇರೆ. ಇಂಟೆಲ್‌ನ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇದೆ. ಈ ಬ್ರಾಡ್‌ಕಾಮ್ ಚಿಪ್‌ಗೆ ಬೇರೆ ಡ್ರೈವರ್ ಹಾಕಬೇಕು. ಇನ್‌ಸ್ಟಾಲ್ ಮಾಡುವಾಗ ನಾನು ಟಿಕ್ ಹಾಕದೆ ಬಿಟ್ಟದ್ದು ಈ ಡ್ರೈವರ್‌ಗೇ. ಕಾರ್ಡ್ ಸುಟ್ಟಿರಲೇ ಇಲ್ಲ.

ಡ್ರೈವರ್ ಹಾಕಿದರೂ ವೈಫೈ ಬರಲಿಲ್ಲ. ಸೆಕ್ಯೂರ್ ಬೂಟ್ (ಸಹಿ ಇಲ್ಲದ ಸಾಫ್ಟ್‌ವೇರ್ ತಡೆಯುವ ಸುರಕ್ಷತಾ ಸೆಟ್ಟಿಂಗ್) ಆನ್ ಇದ್ದರೆ ಡ್ರೈವರ್ ಇನ್‌ಸ್ಟಾಲ್ ಆಗುವಾಗ ಒಂದು ಹೊಸ ಪಾಸ್‌ವರ್ಡ್ ಇಡಲು ಕೇಳುತ್ತದೆ. ರೀಸ್ಟಾರ್ಟ್‌ನಲ್ಲಿ ನೀಲಿ ಪರದೆ ಬರುತ್ತದೆ. ಅಲ್ಲಿ 'ಎನ್‌ರೋಲ್ ಎಂಒಕೆ' (Enroll MOK, ಅಂದರೆ ಆ ಡ್ರೈವರ್‌ನ ಸಹಿಯ ಕೀ ಒಪ್ಪುವುದು) ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ನಾನು ಗಾಬರಿಯಲ್ಲಿ ಎಂಟರ್ ಒತ್ತಿ ಮುಂದೆ ಹೋಗಿದ್ದೆ. ಮತ್ತೆ ಮೊದಲಿನಿಂದ ಮಾಡಿ ವೈಫೈ ಬರುವಾಗ ರಾತ್ರಿ ಎರಡು ಗಂಟೆ. ತಂಗಿ ನಿದ್ದೆಗಣ್ಣಲ್ಲೇ ರಿವ್ಯೂಗೆ ಹೋದಳು.

ದಯವಿಟ್ಟು ವಿಂಡೋಸ್ ಇರುವಾಗಲೇ ಡಿವೈಸ್ ಮ್ಯಾನೇಜರ್ ತೆಗೆದು, ನೆಟ್‌ವರ್ಕ್ ಅಡಾಪ್ಟರ್ಸ್ ಅಡಿಯಲ್ಲಿ ವೈಫೈ ಚಿಪ್ ಹೆಸರು ಬರೆದುಕೊಳ್ಳಿ. ಆ ಹೆಸರಿನ ಜೊತೆ ಲಿನಕ್ಸ್ ಅಂತ ಸೇರಿಸಿ ಹುಡುಕಿ. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಕೂಡ ಬರೆದಿಡಿ. ಆಮೇಲೆ ಪೆನ್‌ಡ್ರೈವ್‌ನಿಂದಲೇ ಚಲಾಯಿಸಿ ನೋಡಿ. ಹಾಗೆ ನೋಡುವಾಗ ಡಿಸ್ಕ್‌ನಲ್ಲಿ ಏನೂ ಅಳಿಯುವುದಿಲ್ಲ. ವೈಫೈನಲ್ಲಿ ಒಂದು ವಿಡಿಯೋ ಹಾಕಿ. ಸೌಂಡ್, ಕ್ಯಾಮೆರಾ, ಟಚ್‌ಪ್ಯಾಡ್ ನೋಡಿ. ಮುಚ್ಚಳ ಮುಚ್ಚಿ, ಐದು ನಿಮಿಷ ಬಿಟ್ಟು ತೆಗೆದಾಗ ಪರದೆ ಎಚ್ಚರವಾಗುತ್ತದೆಯಾ ಅಂತ ಕೂಡ ನೋಡಿ.